ಹೆಸರು ಹೇಳಬಾರದ ಬೀಜ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಕೊತ್ತಗೆರೆಯ ಅಡವಿಯಪ್ಪನ ಮನೆ ಮುಂದೆ ಒಂದು ಕಾರು ಬಂದು ನಿಂತಿತು. ನಿಂತ ಮೇಲೂ ಅದರ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ಔಷಧಿಗೆಂದು ಜಗಲಿಯ ಮೇಲೆ ಕಾದು ಕೂತಿದ್ದ ಏಳೆಂಟು ಜನ ಮಾತು ನಿಲ್ಲಿಸಿ ಅತ್ತಲೇ ನೋಡಿದರು.

ಕೊನೆಗೆ ಇಳಿದವನು ಗುಬ್ಬಿಯ ಸಂತೋಷ್. ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಮನುಷ್ಯ. ಮೂರು ವಾರದ ಹಿಂದೆ ಮಗಳ ಬಿಳಿ ಮಚ್ಚೆಗೆ ಔಷಧಿ ಕೇಳಿಕೊಂಡು ಬಂದಿದ್ದ. ಈಗ ಹಿಂದಿನ ಬಾಗಿಲು ತೆಗೆದು ಆ ಮಗಳು ಇಂಪನಾಳನ್ನೇ ಕೈಹಿಡಿದು ಇಳಿಸಿಕೊಂಡ. ಹುಡುಗಿಯ ತಲೆ ಮುಖವೆಲ್ಲ ವೇಲಿನಲ್ಲಿ ಮುಚ್ಚಿತ್ತು. ಕಾಲಲ್ಲಿ ನೆಲ ತಡಕಿಕೊಂಡು ಹೆಜ್ಜೆ ಇಡುತ್ತಿದ್ದಳು. ಮೂರು ವಾರದ ಹಿಂದೆ ಇದೇ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ್ದವಳು ಅವಳು.

ಅಡವಿಯಪ್ಪನಿಗೆ ಅರವತ್ತೆಂಟು ವರ್ಷ. ಹನ್ನೆರಡೆಕರೆ ತೆಂಗಿನ ತೋಟದ ಮಾಲೀಕ. ಔಷಧಿ ಕೊಡುವುದು ಅವನ ಕಸುಬಲ್ಲ, ತಂದೆಯಿಂದ ಬಂದ ಒಂದು ಹೊಣೆ. ಭಾನುವಾರ ಮತ್ತು ಅಮಾವಾಸ್ಯೆಯ ದಿನ ಎಲೆ ಅಡಿಕೆ ಇಟ್ಟು ಕೇಳಿದವರಿಗೆ ಕೊಡುತ್ತಿದ್ದ. ಕಪ್ಪನೆಯ ಒಂದು ಬೀಜವನ್ನು ಏಳು ದಿನ ಗಂಜಲದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ ಮಾಡಿದ ಪುಡಿ ಅದು. ಖಾಲಿ ಹೊಟ್ಟೆಗೆ ಜೇನುತುಪ್ಪದಲ್ಲಿ ಒಂದು ಚಿಟಿಕೆ. ಅದೇ ಬೀಜದ ಎಣ್ಣೆಯನ್ನು ಮಚ್ಚೆಗೆ ಹಚ್ಚಿ, ಒಂದು ಎಲೆಯಡಿಕೆ ಅಗಿಯುವಷ್ಟು ಹೊತ್ತು ಎಳೆ ಬಿಸಿಲಲ್ಲಿ ಕೂರಬೇಕು. ಕೊಡುವವನು ಬೀಜದ ಹೆಸರು ಹೇಳಬಾರದು, ತೆಗೆದುಕೊಳ್ಳುವವರು ತಾವು ಔಷಧಿ ಮಾಡುತ್ತಿದ್ದೇವೆ ಎಂದು ಯಾರಲ್ಲೂ ಹೇಳಬಾರದು. ಹೇಳಿದರೆ ಔಷಧಿ ಹತ್ತುವುದಿಲ್ಲ. ಹೆಸರು ಬಾಯಿಂದ ಬಿದ್ದ ದಿನ ಕೈಗುಣವೇ ಹೋಗುತ್ತದೆ ಎಂದು ತಂದೆ ಸಾಯುವ ಮುಂಚೆ ಅವನ ಕೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡು ಹೇಳಿದ್ದರು.

ಸಂತೋಷ್ ಮಗಳನ್ನು ಜಗಲಿಗೆ ಹತ್ತಿಸಲಿಲ್ಲ, ಅಂಗಳದ ಬಿಸಿಲಲ್ಲೇ ನಿಲ್ಲಿಸಿ ಕೈಮುಗಿದ.

"ತಪ್ಪಾಗೋಯ್ತು ಯಜಮಾನ್ರೆ. ಇವಳು ಕಾಲೇಜಲ್ಲಿ ಯಾವಳೋ ಫ್ರೆಂಡ್ ಹತ್ರ ಬಾಯಿಬಿಟ್ಟವ್ಳೆ. ಅದಕ್ಕೇ ಔಷಧಿ ತಿರುಗಿ ಬಿದ್ದೈತೆ. ನೀವೇ ಏನಾದ್ರೂ ಮಾಡ್ಬೇಕು."

ಅವನು ವೇಲು ಸರಿಸಿದ. ಜಗಲಿಯ ಮೇಲಿದ್ದ ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಇಂಪನಾಳ ತುಟಿಯ ಸುತ್ತ, ಕಣ್ಣಿನ ಸುತ್ತ ಮಚ್ಚೆ ಇದ್ದ ಜಾಗವೆಲ್ಲ ಕೆಂಡದ ಬಣ್ಣಕ್ಕೆ ತಿರುಗಿತ್ತು. ಕೈಬೆರಳುಗಳ ಮೇಲೆ ನೀರು ತುಂಬಿದ ಬೊಬ್ಬೆಗಳು. ರೆಪ್ಪೆಗಳು ಊದಿ ಒಂದಕ್ಕೊಂದು ಅಂಟಿ, ಸಂದಿಯಿಂದ ನೀರು ಹರಿಯುತ್ತಿತ್ತು.

"ಒಬ್ಳಿಗೇ ತಾತ ಹೇಳಿದ್ದು," ಎಂದಳು ಹುಡುಗಿ, ಅಡವಿಯಪ್ಪ ಎಲ್ಲಿದ್ದಾನೆಂದು ತಿಳಿಯದೆ ಕಂಬದ ಕಡೆ ಮುಖ ಮಾಡಿ. "ಇನ್ಮೇಲೆ ಯಾರ್ಗೂ ಹೇಳಲ್ಲ."

ಅಡವಿಯಪ್ಪ ಮೊದಲು ಅವಳನ್ನು ಒಳಗೆ, ನಡುಮನೆಯ ಕತ್ತಲಿಗೆ ಕರೆಸಿಕೊಂಡ. ಗೋಡೆಗೆ ಒರಗಿಸಿ ಕೂರಿಸಿ ಮಧ್ಯಾಹ್ನದ ಬಿಸಿಲಲ್ಲಿ ತಿರುಗಾಡಿದೆಯಾ ಎಂದು ಕೇಳಿದ. ಇಲ್ಲವೆಂದಳು. ಹೊಲಕ್ಕೆ, ಕಾಲೇಜಿನ ಆಟದ ಬಯಲಿಗೆ, ಬಟ್ಟೆ ಒಣಗಿಸಲು ಟೆರೇಸಿಗೆ? ಅಲ್ಲಿಗೂ ಇಲ್ಲ.

"ನೀವು ಹೇಳಿದ ಎಳೆ ಬಿಸಿಲು ಬಿಟ್ರೆ ಬಿಸಿಲಿಗೆ ಹೋಗೇ ಇಲ್ಲ ತಾತ. ಲೈಟಿಗೆ ಮಾತ್ರ ಹೋಗಿದ್ದೆ."

"ಯಾವ ಲೈಟು?"

ಸಂತೋಷ್ ತಲೆ ತಗ್ಗಿಸಿಕೊಂಡೇ ಹೇಳಿದ. ತುಮಕೂರಿನ ಶಿರಾ ಗೇಟಿನ ಹತ್ತಿರ ಒಬ್ಬ ಚರ್ಮದ ಡಾಕ್ಟರ ಕ್ಲಿನಿಕ್ಕು. ಒಂದು ವರ್ಷ ಮುಲಾಮು, ಮಾತ್ರೆ ಎಲ್ಲ ಆಗಿ, ಮಚ್ಚೆ ಹರಡುವುದು ನಿಂತಿತ್ತೇ ಹೊರತು ಬಣ್ಣ ಬಂದಿರಲಿಲ್ಲ. ಆಮೇಲೆ ಲೈಟು ಕೊಡಲು ಶುರುಮಾಡಿದ್ದರು. ಬೀರುವಿನ ಥರದ ಪೆಟ್ಟಿಗೆ, ಒಳಗೆ ಸುತ್ತ ಟ್ಯೂಬ್‌ಲೈಟುಗಳು. ವಾರಕ್ಕೆ ಮೂರು ದಿನ ಅದರೊಳಗೆ ಕಣ್ಣು ಮುಚ್ಚಿ ನಿಲ್ಲಬೇಕು. ರೆಪ್ಪೆಯ ಮೇಲೂ ಮಚ್ಚೆ ಇದ್ದುದರಿಂದ ಇವಳಿಗೆ ಕನ್ನಡಕ ಹಾಕುತ್ತಿರಲಿಲ್ಲ. ಐದು ತಿಂಗಳಿಂದ ನಡೆದಿತ್ತು. ನಿಧಾನವಾಯಿತು ಅನ್ನಿಸಿ ಅವಳಮ್ಮ ಹೇಮಶ್ರೀ ಇಲ್ಲಿಯ ಔಷಧಿಯನ್ನೂ ಕೊಡಿಸೋಣ ಎಂದಿದ್ದಳು. ಮೊದಲ ಎರಡು ವಾರ ತುಸು ಚುರುಗುಟ್ಟಿ ಇಳಿಯುತ್ತಿತ್ತು, ಈ ಬುಧವಾರ ಲೈಟಿಗೆ ಹೋಗಿ ಬಂದ ಮೇಲೆ ಮೈಯೆಲ್ಲ ಉರಿದಿತ್ತು. ಕಾರಣ ಕೇಳಿದರೆ ಔಷಧಿಯ ಗುಟ್ಟು ಬಿಡಬೇಕಾದೀತೆಂದು ಡಾಕ್ಟರಿಗೆ ಹೇಳದೆ, ಮುಖಕ್ಕೆ ಪೌಡರ್ ಹಚ್ಚಿಕೊಂಡು ಶುಕ್ರವಾರ ಮತ್ತೆ ಹೋಗಿದ್ದಳು. ಶುಕ್ರವಾರ ಸಂಜೆಗೆ ಕಣ್ಣು ಮುಚ್ಚಿಕೊಂಡಿತು. ನಿನ್ನೆ ಗುಬ್ಬಿಯಲ್ಲಿ ತೋರಿಸಿದಾಗ ಕಣ್ಣುಬೇನೆ ಅಂತ ಡ್ರಾಪ್ಸ್ ಕೊಟ್ಟರು. ಔಷಧಿ ತಿರುಗಿ ಬಿದ್ದಿರುವಾಗ ಇಲ್ಲಿ ತಪ್ಪೊಪ್ಪಿಕೊಳ್ಳದೆ ಯಾವ ಡಾಕ್ಟರು ಏನು ಮಾಡಿಯಾರು ಎಂದು ಹೇಮಶ್ರೀ ಹಟ ಹಿಡಿದು ಕಳಿಸಿದ್ದಳು.

ಹುಡುಗಿ ಮಂಡಿಯ ಮೇಲೆ ಗಲ್ಲ ಇಟ್ಟುಕೊಂಡು ಕೇಳಿದಳು. "ಕಣ್ಣು ಹೋಗುತ್ತಾ ತಾತ?"

ಅಡವಿಯಪ್ಪ ಬಗ್ಗಿ ಅವಳ ಬೆರಳಿನ ಬೊಬ್ಬೆಗಳನ್ನು ನೋಡಿದ.

ಅವನಿಗೆ ಹದಿನಾರು ವರ್ಷವಿದ್ದಾಗ ಕುರಿ ಕಾಯುವ ನರಸಯ್ಯ ಎಂಬವನು ಇದೇ ಪುಡಿ ತಿಂದು ಉರಿಬಿಸಿಲಲ್ಲಿ ದಿನವಿಡೀ ಬೆಟ್ಟದ ಮೇಲಿದ್ದ. ಮೂರನೇ ದಿನ ಎರಡೂ ತೋಳು ಬೊಬ್ಬೆಯೆದ್ದು ಬಂದಿದ್ದ. ಯಾರ ಹತ್ತಿರವೋ ಬಾಯಿಬಿಟ್ಟಿದ್ದೀಯ, ಅದಕ್ಕೇ ಹೀಗಾಗಿದೆ ಎಂದು ತಂದೆ ಗದರಿದ್ದರು. ನರಸಯ್ಯನೂ ಒಪ್ಪಿ ಅತ್ತು ಹೋಗಿದ್ದ. ಆದರೆ ಅಡವಿಯಪ್ಪ ಆ ತೋಳನ್ನು ಹತ್ತಿರದಿಂದ ನೋಡಿದ್ದ. ಅಂಗಿಯ ತೋಳು ಎಲ್ಲಿಗೆ ಮುಗಿಯುತ್ತಿತ್ತೋ ಅಲ್ಲಿಗೆ, ಗೆರೆ ಎಳೆದ ಹಾಗೆ, ಬೊಬ್ಬೆಯೂ ಮುಗಿದಿತ್ತು. ಬಾಯಿಬಿಟ್ಟದ್ದಕ್ಕೆ ಸುಟ್ಟಿದ್ದರೆ ಬಟ್ಟೆಯೊಳಗೂ ಸುಡಬೇಕಿತ್ತು. ಅಂದಿನಿಂದ ಅವನು ಎಲ್ಲರಿಗೂ ಬಿಸಿಲಿನ ವಿಚಾರ ಒತ್ತಿ ಒತ್ತಿ ಹೇಳುತ್ತಿದ್ದ. ತಂದೆಗೆ ಮಾತ್ರ ಕಂಡದ್ದನ್ನು ಹೇಳಿರಲಿಲ್ಲ. ಪೆಟ್ಟಿಗೆಯೊಳಗೂ ಬಿಸಿಲು ಇರಬಹುದು ಎಂಬುದು ಅವನಿಗೆ ಹೊಳೆದಿರಲೇ ಇಲ್ಲ.

ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದ. ಹೆಂಡತಿ ಶಕುಂತಲಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು.

"ತಪ್ಪು ನಮ್ದು ಅಂತ ಅವರೇ ಬಾಯಲ್ಲಿ ಹೇಳ್ತಾವ್ರೆ," ಎಂದಳು ಪಿಸುದನಿಯಲ್ಲಿ. "ನೀವ್ಯಾಕೆ ಮೈಮೇಲೆ ಎಳ್ಕೊತೀರಿ? ಕೇಸು ಗೀಸು ಅಂದ್ರೆ ಈ ವಯಸ್ಸಲ್ಲಿ ಸ್ಟೇಷನ್ನಿಗೆ ತಿರುಗೋಕೆ ಆಗುತ್ತಾ? ಬೆಣ್ಣೆ ಕೊಟ್ಟು ಕಳ್ಸಿ, ತಣ್ಣಗಾಗುತ್ತೆ."

ಅಡವಿಯಪ್ಪ ಚೊಂಬು ಹಿಡಿದುಕೊಂಡು ನಿಂತ. ಬೆಣ್ಣೆ ಕೊಟ್ಟು ಕಳಿಸಬಹುದಿತ್ತು. ಇವರು ಕೈಮುಗಿದು ಹೋಗುತ್ತಿದ್ದರು, ಮರ್ಯಾದೆಯೂ ಉಳಿಯುತ್ತಿತ್ತು. ಆಮೇಲೆ? ಗುಬ್ಬಿಯವರು ಕಣ್ಣುಬೇನೆ ಅನ್ನುತ್ತಾರೆ, ಶಿರಾ ಗೇಟಿನವರು ಮಿಷನ್ನು ಕೆಟ್ಟಿದೆಯೇನೋ ಅನ್ನುತ್ತಾರೆ, ಪುಡಿಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಭಯ ತಲೆಗೆ ಬಂತು. ಚೊಂಬನ್ನು ಅಲ್ಲೇ ಕುಕ್ಕಿ ನಡುಮನೆಗೆ ಬಂದ.

"ಇವತ್ತು ಬೆಳಿಗ್ಗೆ ಪುಡಿ ತಗೊಂಡ್ಯಾ ತಾಯಿ?"

"ಆರೂವರೆಗೆ ಅಮ್ಮ ಕೊಟ್ರು. ನಿಲ್ಸಿದ್ರೆ ಔಷಧಿಗೆ ಇನ್ನೂ ಕೋಪ ಬರುತ್ತೆ ಅಂತ. ಅರ್ಧ ಚಿಟಿಕೆ ಜಾಸ್ತೀನೇ ಕೊಟ್ರು."

ಹೊರಗೆ ಅಂಗಳದಲ್ಲಿ ಬಿಸಿಲು ಬೆಳ್ಳಗೆ ಬಿದ್ದಿತ್ತು. ಗುಬ್ಬಿಯಿಂದ ಇಲ್ಲಿಯವರೆಗೆ ಅದೇ ಬಿಸಿಲಲ್ಲಿ ಬಂದಿದ್ದರು. ಬಂದವರನ್ನು ಅವನ ಮನೆಯ ಮುಂದೆಯೇ ಬಿಸಿಲಲ್ಲಿ ನಿಲ್ಲಿಸಿದ್ದಾಗಿತ್ತು. ಪುಡಿ ಹೊಟ್ಟೆಯಲ್ಲಿದೆ, ಹೊತ್ತು ಏರುತ್ತಿದೆ. ಬೇರೆ ದಾರಿ ಇಲ್ಲವೆಂದು ತಿಳಿದ ಮೇಲೆ ಅಡವಿಯಪ್ಪ ಸಂತೋಷನ ಕಡೆ ತಿರುಗಿದ.

"ಸಂತೋಷಪ್ಪ, ಫ್ರೆಂಡಿಗೆ ಹೇಳಿದ್ದಕ್ಕೆ ಏನೂ ಆಗಿಲ್ಲ ಕಣಪ್ಪ. ನನ್ ಪುಡಿ, ಆ ಲೈಟು, ಎರಡೂ ಸೇರಿ ಸುಟ್ಟೈತೆ. ಡಾಕ್ಟ್ರಿಗೆ ನಾನೇ ಬಂದು ಹೇಳ್ತೀನಿ. ನಡಿ, ಈಗ್ಲೇ."

ಸಂತೋಷ್ ಅರ್ಥವಾಗದವನಂತೆ ನೋಡಿದ. ಅರ್ಥವಾಗುತ್ತಾ ಬಂದ ಹಾಗೆ ಅವನ ಮುಖದ ದೈನ್ಯ ಹೋಗಿ ಬೇರೆ ಏನೋ ಬಂತು. ಬೈಯುತ್ತಾನೆ, ಕೈ ಎತ್ತಿದರೂ ಎತ್ತಬಹುದು ಎಂದು ಅಡವಿಯಪ್ಪ ಕಾದ. ಅವನು ಕಾರಿನ ಕೀ ಹುಡುಕಿ ಜೇಬು ತಡಕಿದನಷ್ಟೆ.

ಬೇಡವೆಂದ ಶಕುಂತಲಮ್ಮನೇ ಒಳಗಿಂದ ಕರಿಕಂಬಳಿ ತಂದು ಹುಡುಗಿಗೆ ತಲೆಯಿಂದ ಕಾಲವರೆಗೆ ಹೊದಿಸಿ, ಬಾಗಿಲು ದಾಟಿಸಿ ಕಾರಿಗೆ ಹತ್ತಿಸಿದಳು. ಜಗಲಿಯ ಮೇಲಿದ್ದವರಿಗೆ ಇವತ್ತು ಔಷಧಿ ಇಲ್ಲ ಎಂದು ಹೇಳಿ ಕಳಿಸಿದಳು.

ಕುಣಿಗಲ್ ದಾಟಿ ಹೆಬ್ಬೂರಿನ ಕಡೆ ಹೊರಳುವ ಹೊತ್ತಿಗೆ ಒಂಬತ್ತೂವರೆ. ಬಿಸಿಲು ಬಲಗಡೆಯ ಗಾಜಿನಿಂದ ನೇರ ಒಳಗೆ ಬೀಳುತ್ತಿತ್ತು. ಗಾಜು ಬಿಸಿಲನ್ನು ತಡೆಯುತ್ತದೋ ಇಲ್ಲವೋ ಹಿಂದಿನ ಸೀಟಿನಲ್ಲಿ ಹುಡುಗಿಯ ಪಕ್ಕ ಕೂತಿದ್ದ ಅಡವಿಯಪ್ಪನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ನಂಬುವ ಧೈರ್ಯವೂ ಇರಲಿಲ್ಲ. ಹೆಗಲ ಟವೆಲನ್ನು ಗಾಜಿನ ಸಂದಿಗೆ ಸಿಕ್ಕಿಸಿದ. ಅದು ಸಾಲದೆ ತಾನೇ ಬಲಕ್ಕೆ ಸರಿದು ಕಿಟಕಿಗೆ ಬೆನ್ನು ಕೊಟ್ಟು ಅಡ್ಡ ಕೂತ. ಕಂಬಳಿಯೊಳಗಿನಿಂದ ಹುಡುಗಿಯ ಉಸಿರು ಕೇಳುತ್ತಿತ್ತು. ಸೆಖೆ ತಡೆಯಲಾರದೆ ಅವಳು ಕಂಬಳಿಯ ಅಂಚನ್ನು ಎತ್ತಿದಾಗಲೆಲ್ಲ ಅವನು ಮತ್ತೆ ಎಳೆದು ಮುಚ್ಚುತ್ತಿದ್ದ. ಒಮ್ಮೆ ಅವಳ ಕೈ ಹೊರಗೆ ಬಂತು. ಬೊಬ್ಬೆಯಿಲ್ಲದ ಮಣಿಕಟ್ಟಿನ ಮೇಲೆ, ಬಿಳಿ ಚರ್ಮದ ನಡುವೆ, ಎಳ್ಳು ಚೆಲ್ಲಿದ ಹಾಗೆ ಕಂದು ಚುಕ್ಕೆಗಳು. ಬಣ್ಣ ಮರಳಿ ಬರುವಾಗ ಹೀಗೇ ಬರುತ್ತದೆಂದು ಅವನಿಗೆ ಗೊತ್ತು. ಮೂರು ವಾರದಲ್ಲಿ ತನ್ನ ಪುಡಿ ಇಷ್ಟು ಮಾಡಿರಲಾರದು. ಐದು ತಿಂಗಳಿಂದ ಆ ಪೆಟ್ಟಿಗೆಯ ಬೆಳಕು ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತಾ ಬಂದಿತ್ತು. ತಾನು ನಡುವೆ ಹೋಗಿ ಕೆಡಿಸಿದ್ದ.

ಹೆಬ್ಬೂರು ಕಳೆದ ಮೇಲೆ ಸಂತೋಷ್ ಮುಂದೆ ನೋಡಿಕೊಂಡೇ ಹೇಳಿದ.

"ಅವತ್ತು ಒಂದ್ ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ ಯಜಮಾನ್ರೆ? ಬೇರೆ ಏನ್ ಮಾಡ್ತಿದೀರಪ್ಪಾ ಅಂತ. ಒಂದೇ ಮಾತು."

ಕೇಳಬೇಕಿತ್ತು ಎಂಬಂತೆ ಅಡವಿಯಪ್ಪ ತಲೆ ಅಲ್ಲಾಡಿಸಿದ. ಕನ್ನಡಿಯಲ್ಲಿ ಅದು ಸಂತೋಷನಿಗೆ ಕಂಡಿತೋ ಇಲ್ಲವೋ.

ಶಿರಾ ಗೇಟಿನ ಕ್ಲಿನಿಕ್ಕು ಭಾನುವಾರ ಮಧ್ಯಾಹ್ನ ಒಂದರವರೆಗೆ ತೆಗೆದಿರುತ್ತಿತ್ತು. ಡಾಕ್ಟರ್ ಭಾನುಪ್ರಕಾಶ್ ನಲವತ್ತರ ಆಸುಪಾಸಿನ, ಮೆಲ್ಲಗೆ ಮಾತಾಡುವ ಮನುಷ್ಯ. ಇಂಪನಾಳನ್ನು ನೋಡಿದ್ದೇ ಕುರ್ಚಿಯಿಂದ ಎದ್ದುಬಂದರು. ಶುಕ್ರವಾರ ಎಷ್ಟು ಹೊತ್ತು ಲೈಟು ಕೊಟ್ಟಿದ್ದು ಎಂದು ನರ್ಸನ್ನು ಕೇಳಿದರು, ರಿಜಿಸ್ಟರ್ ತರಿಸಿ ಬೆರಳಿಟ್ಟು ನೋಡಿದರು. ಹಿಂದಿನ ಬಾರಿಗಿಂತ ಸ್ವಲ್ಪವೇ ಹೆಚ್ಚು. ಇಷ್ಟಕ್ಕೆ ಹೀಗೆ ಸುಡುವುದು ಸಾಧ್ಯವಿಲ್ಲ ಎಂದರು. ಮಿಷನ್ನಿನ ಹತ್ತಿರ ಹೋಗಿ ಬಂದರು. ಮೊದಲ ದಿನ ತುಂಬಿಸಿದ್ದ ಫಾರಂ ತೆಗೆದು, ಬೇರೆ ಔಷಧಿ ಏನಾದರೂ ತಗೊಳ್ಳುತ್ತಿದ್ದೀರಾ ಎಂಬ ಸಾಲಿನ ಮುಂದೆ ಇಲ್ಲ ಎಂದು ಬರೆದಿದ್ದನ್ನು ಸಂತೋಷನಿಗೆ ತೋರಿಸಿದರು. ಆ ದಿನ ಅದು ನಿಜವೇ ಆಗಿತ್ತು. ಸಂತೋಷ್ ಅಡವಿಯಪ್ಪನ ಕಡೆ ತಿರುಗಿದ.

"ನಾನು ಕೊಟ್ಟಿದ್ದು ಸ್ವಾಮಿ," ಎಂದ ಅಡವಿಯಪ್ಪ. "ಪುಡಿ, ಎಣ್ಣೆ ಎರಡೂ. ಇವತ್ತು ಬೆಳಿಗ್ಗೇನೂ ತಿಂದವ್ಳೆ."

"ಏನು ಕೊಟ್ರಿ?"

ಅಡವಿಯಪ್ಪ ಐವತ್ತು ವರ್ಷದಿಂದ ಹೆಂಡತಿಗೂ ಆ ಹೆಸರು ಹೇಳಿರಲಿಲ್ಲ. ತಾನೇ ಆರಿಸಿ, ತಾನೇ ನೆನೆಸಿ, ಬಾಗಿಲು ಹಾಕಿಕೊಂಡು ಕುಟ್ಟುತ್ತಿದ್ದ. ಹೆಸರು ಹೇಳಿದರೆ ಕೈಗುಣ ಹೋಗುತ್ತದೆಂಬ ಭಯ ಒಂದು ಕಡೆ. ಗೋಡೆಯ ಮೇಲಿದ್ದ ಸರ್ಟಿಫಿಕೇಟುಗಳು, ನರ್ಸಿನ ಕೈಯಲ್ಲಿದ್ದ ಫೋನು, ಅವಳು ಪೊಲೀಸರಿಗೇ ಕರೆ ಮಾಡುತ್ತಾಳೆಂಬ ಅನುಮಾನ ಇನ್ನೊಂದು ಕಡೆ. ಹುಡುಗಿ ಕಂಬಳಿಯೊಳಗೆ ಮುಖ ಎತ್ತಿ ಅವನ ದನಿಗೇ ಕಾಯುತ್ತಿದ್ದಳು.

"ಬಾವಂಚಿ," ಎಂದ.

ಡಾಕ್ಟರು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. ಗದರಲಿಲ್ಲ. ಎಷ್ಟು, ಯಾವಾಗ, ಎಷ್ಟು ದಿನ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಚಿಟಿಕೆ ಎಂದರೆ ಎಷ್ಟು ಎಂದು ಕೇಳಿದಾಗ ಅಡವಿಯಪ್ಪ ಹೆಬ್ಬೆರಳು ತೋರುಬೆರಳು ಸೇರಿಸಿ ತೋರಿಸಿದ. ಅವನ ಚಿಟಿಕೆಗೂ ಹೇಮಶ್ರೀಯ ಚಿಟಿಕೆಗೂ ಎಷ್ಟು ವ್ಯತ್ಯಾಸ ಎಂದು ಡಾಕ್ಟರು ಮತ್ತೆ ಕೇಳಿದರು. ಅಡವಿಯಪ್ಪ ಸೇರಿಸಿದ್ದ ಬೆರಳುಗಳನ್ನು ಬಿಡಿಸಿದ.

"ಈ ಬೀಜದ ಸತ್ವದ ಥರದ್ದೇ ಮಾತ್ರೆ ನಮ್ಮಲ್ಲೂ ಇದೆ ಯಜಮಾನ್ರೆ," ಎಂದರು ಡಾಕ್ಟರು, ಫೋನಿನಲ್ಲಿ ಯಾರದೋ ನಂಬರು ಹುಡುಕುತ್ತಾ. "ಕೆಲವರಿಗೆ ಅದು ಕೊಟ್ಟು ಆಮೇಲೆ ಬೇರೆ ಥರದ ಲೈಟ್ ಕೊಡ್ತೀವಿ. ಆದ್ರೆ ತೂಕ ಮಾಡಿ. ಆ ದಿನ ಪೂರ್ತಿ ಕಪ್ಪು ಕನ್ನಡಕ ಹಾಕ್ಸಿ. ಇವಳಿಗೆ ಬರೀ ಲೈಟು ಸಾಕು ಅಂತ ಅಳೆದು ಕೊಡ್ತಿದ್ದೆ. ನೀವು ಆ ಕಡೆಯಿಂದ ಮಾತ್ರೆ ಕೊಟ್ಟಂಗಾಯ್ತು."

ಅಡವಿಯಪ್ಪನಿಗೆ ನಾಚಿಕೆಯೂ ಆಯಿತು, ವಿಚಿತ್ರವೂ ಅನ್ನಿಸಿತು. ತಂದೆ ಎದೆಯ ಮೇಲೆ ಕೈಯಿಡಿಸಿಕೊಂಡು ಒಪ್ಪಿಸಿದ ಗುಟ್ಟು ಈ ಮನುಷ್ಯನಿಗೆ ಓದಿನ ದಿನಗಳಿಂದಲೇ ಗೊತ್ತಿತ್ತು.

ಬುಧವಾರ ಕೆಂಪಗಾದಾಗ ನೀನಾದರೂ ನನಗೆ ಹೇಳಬಾರದಿತ್ತೇ ಎಂದು ಡಾಕ್ಟರು ಇಂಪನಾಳನ್ನು ಕೇಳಿದರು. ಶುಕ್ರವಾರ ಮುಖ ತೊಳೆಸಿ ನೋಡದೆ ಲೈಟು ಹಾಕಿದ್ದು ನಮ್ಮ ತಪ್ಪೂ ಹೌದು ಎಂದು ನರ್ಸಿಗೂ ತಮಗೂ ಸೇರಿಸಿ ಹೇಳಿಕೊಂಡರು. ಬೊಬ್ಬೆಗಳಿಗೆ ಮುಲಾಮು ಹಚ್ಚಿಸಿ, ನಾಳೆ ಸಂಜೆಯವರೆಗೆ ಒಂದು ಎಳೆ ಬಿಸಿಲೂ ಸೋಕಬಾರದು ಎಂದು ಚೀಟಿ ಬರೆದು, ಅಲ್ಲಿಂದ ಎರಡು ರಸ್ತೆ ಆಚೆಗಿದ್ದ ಕಣ್ಣಾಸ್ಪತ್ರೆಗೆ ಕಳಿಸಿದರು. ಕಣ್ಣಿನ ಗತಿ ಏನು ಎಂದು ಸಂತೋಷ್ ಕೇಳಿದ್ದಕ್ಕೆ, ಅದನ್ನು ಅವರೇ ನೋಡಿ ಹೇಳಬೇಕು ಎಂದರು.

ಕಣ್ಣಾಸ್ಪತ್ರೆಯ ಬಾಗಿಲಲ್ಲಿ ಸಂತೋಷ್ ನೀವು ಇಲ್ಲೇ ಇರಿ ಎಂದ. ಅಡವಿಯಪ್ಪ ಹೊರಗೆ ಬೆಂಚಿನ ಮೇಲೆ ಕೂತ. ಒಳಗಿನಿಂದ ಮಾತು ಕೇಳುತ್ತಿರಲಿಲ್ಲ. ಒಮ್ಮೆ ಹುಡುಗಿ ನೋವಿಗೆ ಕೂಗಿದ್ದು ಮಾತ್ರ ಕೇಳಿಸಿತು. ಮುಕ್ಕಾಲು ಗಂಟೆಯ ಮೇಲೆ ಅಪ್ಪ ಮಗಳು ಹೊರಬಂದರು. ಅವಳ ಎರಡೂ ಕಣ್ಣಿಗೆ ಹತ್ತಿಯಿಟ್ಟು ಪಟ್ಟಿ ಕಟ್ಟಿದ್ದರು. ಕಣ್ಣಿನ ಮೇಲ್ಪದರ ಸುಟ್ಟಿದೆ, ಮೂರು ದಿನಕ್ಕೆ ಕೂಡಿಕೊಳ್ಳಬೇಕು, ಕಲೆ ಉಳಿದರೆ ನೋಟ ಮಂಜಾಗಬಹುದು, ಬಿಚ್ಚಿದ ಮೇಲೇ ಗೊತ್ತಾಗುವುದು ಎಂದಿದ್ದರಂತೆ. ಇಷ್ಟನ್ನು ಹೇಳಿ ಸಂತೋಷ್ ಕಾರು ಹತ್ತಿದ. ಎಲ್ಲಿ ಬಿಡಲಿ ಎಂದು ಕೇಳಲಿಲ್ಲ, ಅಡವಿಯಪ್ಪನೂ ನಿರೀಕ್ಷಿಸಿರಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದುಕೊಂಡೇ ಹೋದ.

ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಅಡವಿಯಪ್ಪ ತೋಟಕ್ಕೆ ಹೋದರೆ ಗರಿಗಳ ಸಂದಿಯಿಂದ ಬೀಳುವ ಬಿಸಿಲು ನೋಡಿ ಮನೆಗೆ ಹಿಂತಿರುಗುತ್ತಿದ್ದ. ಶಕುಂತಲಮ್ಮ ಒಮ್ಮೆ ಫೋನಾದರೂ ಮಾಡಿ ಕೇಳಿ ಎಂದಳು. ಅವನು ಕೈಗೆ ಫೋನು ತೆಗೆದುಕೊಂಡು ಮತ್ತೆ ಇಟ್ಟ. ಆ ಕಡೆಯಿಂದ ಬರುವ ಮೊದಲ ಮಾತು ಯಾವುದಿರಬಹುದೆಂದು ಯೋಚಿಸಿದರೇ ಕಿವಿ ಬಿಸಿಯಾಗುತ್ತಿತ್ತು.

ಮಂಗಳವಾರ ಸಂಜೆ, ಮುಂದಿನ ಭಾನುವಾರ ಬರುವವರಿಗೆ ಏನು ಹೇಳಲಿ ಎಂದು ಅವಳು ಕೇಳಿದಳು.

"ಎಲ್ಲಿ ಯಾವ ಡಾಕ್ಟ್ರು, ಏನೇನ್ ತಗೋತಾವ್ರೆ, ಮೊದಲು ಅದು ಹೇಳ್ಬೇಕು ಅನ್ನು. ಲೈಟಿಗೆ ಹೋಗೋರಿಗೆ ಪುಡಿ ಇಲ್ಲ, ಅವ್ರು ಅಲ್ಲೇ ಮಾಡಿಸ್ಕೊಳ್ಳಲಿ. ಅಲ್ಲಿ ಅಳತೆ ಐತೆ. ನಂದು ಬೆರಳಲ್ಲಿ ಹಿಡಿಯೋ ಲೆಕ್ಕ."

"ಗುಟ್ಟು ಬಿಟ್ಟುಕೊಟ್ಟ ಮೇಲೆ ಔಷಧಿ ಹತ್ತುತ್ತಾ?"

"ಹತ್ತದಿದ್ರೆ ಬುಡು."

ಬುಧವಾರ ಪಟ್ಟಿ ಬಿಚ್ಚುವ ದಿನ. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು, ಸಿಕ್ಕಿದ ಅಂಗಿ ಹಾಕಿಕೊಂಡು, ಹೆಂಡತಿ ಕಾಫಿ ಕಾಯಿಸುವುದರೊಳಗೆ ಹೊರಟ. ಕುಣಿಗಲ್ಲಿನಲ್ಲಿ ಒಂದು ಬಸ್ಸು, ತುಮಕೂರಿನಲ್ಲಿ ಇನ್ನೊಂದು. ಗುಬ್ಬಿಯಲ್ಲಿ ಇಳಿದಾಗ ಹತ್ತೂವರೆ. ಮನೆ ಕೇಳಿಕೊಂಡು ಹೋದ. ಬೀದಿಯ ತಿರುವಿನಲ್ಲಿ ನಿಂತು ದೂರದಿಂದ ನೋಡಿದ. ಕಿಟಕಿಗಳಿಗೆಲ್ಲ ಒಳಗಿಂದ ಬೆಡ್‌ಶೀಟು ಕಟ್ಟಿದ್ದರು. ಕಾರು ಹೊರಗೆ ನಿಂತಿತ್ತು. ಅಂದರೆ ಆಸ್ಪತ್ರೆಗೆ ಇನ್ನೂ ಹೋಗಿಲ್ಲ, ಇಲ್ಲ ಹೋಗಿ ಬಂದಾಗಿದೆ. ವಾಪಸು ಹೋಗಿಬಿಡಲೇ ಅನ್ನಿಸಿತು. ಕಾಲು ಮಾತ್ರ ಮುಂದಕ್ಕೇ ಹೋಯಿತು.

ಬಾಗಿಲು ತೆಗೆದವಳು ಹೇಮಶ್ರೀ. ಅವಳ ಕಣ್ಣು ಅತ್ತು ಕೆಂಪಾಗಿತ್ತು. ಅದು ಯಾವ ಅಳು ಎಂದು ಅಡವಿಯಪ್ಪನಿಗೆ ತಿಳಿಯಲಿಲ್ಲ. ಅವಳು ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಬಾಗಿಲಿಗೆ ಅಡ್ಡ ನಿಂತು, ಆಸ್ಪತ್ರೆಯಿಂದ ಈಗ ತಾನೇ ಬಂದೆವು ಎಂದಳು. ಅಡವಿಯಪ್ಪ ಅವಳ ಹಿಂದಿನ ಕತ್ತಲೆಯ ಕಡೆ ನೋಡುತ್ತಾ ಮೆಟ್ಟಿಲ ಮೇಲೆಯೇ ನಿಂತ. ಒಳಗೆ ಕುರ್ಚಿ ಸರಿದ ಸದ್ದಾಯಿತು. ಕತ್ತಲೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಹುಡುಗಿ ಗೋಡೆಯ ಪಕ್ಕ ನಿಂತಿದ್ದಳು. ಅವಳು ಕನ್ನಡಕವನ್ನು ಹಣೆಯ ಮೇಲೆ ಏರಿಸಿ, ಊದಿದ ರೆಪ್ಪೆಗಳನ್ನು ಕಿರಿದು ಮಾಡಿ, ಸ್ವಲ್ಪ ಹೊತ್ತು ಅವನ ಕಡೆ ನೋಡಿದಳು.

"ತಾತ," ಎಂದಳು. "ಅಂಗಿ ಗುಂಡಿ ಒಂದು ಮನೆ ತಪ್ಪಿ ಹಾಕ್ಕೊಂಡಿದೀರ."

ಅಡವಿಯಪ್ಪ ಬಗ್ಗಿ ನೋಡಿಕೊಂಡ. ಕೊರಳಿನಿಂದ ಹೊಟ್ಟೆಯವರೆಗೆ ಒಂದೂ ತನ್ನ ಜಾಗದಲ್ಲಿರಲಿಲ್ಲ. ಕೊತ್ತಗೆರೆಯಿಂದ ಗುಬ್ಬಿಯವರೆಗೆ ಹಾಗೇ ಬಂದಿದ್ದ. ಬಿಚ್ಚಿ ಸರಿಮಾಡಿಕೊಳ್ಳಲು ಮೇಲಿನ ಗುಂಡಿಗೆ ಕೈ ಹಾಕಿದ. ಹೇಮಶ್ರೀ ಬಾಗಿಲು ಬಿಟ್ಟು ಒಂದು ಪಕ್ಕಕ್ಕೆ ಸರಿದು ನಿಂತಳು.